ಕಾರವಾರದ ಹವೆಯಲ್ಲಿ ಸಿಗಾರ್: ಎಷ್ಟು ದಿನ ಇಟ್ಟು ಸೇದಬೇಕು?

ದುಬೈಯಿಂದ ಬಂದ ಅಣ್ಣನೋ, ಹಡಗಿನಲ್ಲಿ ಕೆಲಸ ಮಾಡುವ ಗೆಳೆಯನೋ ಒಂದು ಡಬ್ಬಿ ಒಳ್ಳೆ ಸಿಗಾರ್ ತಂದುಕೊಡುತ್ತಾನೆ. ಇದನ್ನ ಈಗಲೇ ಸೇದಬಹುದಾ, ತೇವ ಒಂದೇ ಮಟ್ಟದಲ್ಲಿ ಇಡುವ ಪೆಟ್ಟಿಗೆ, ಅಂದರೆ ಹ್ಯೂಮಿಡಾರ್‌ನಲ್ಲಿ ಇಡಬೇಕಾ, ಇಟ್ಟರೆ ಎಷ್ಟು ದಿನ ಅನ್ನೋದು ಮೊದಲ ಪ್ರಶ್ನೆ. ನೆಟ್‌ನಲ್ಲಿ ಹುಡುಕಿದರೆ ಒಬ್ಬರು ಆರು ತಿಂಗಳು ಅಂತಾರೆ, ಇನ್ನೊಬ್ಬರು ಐದು ವರ್ಷ ಅಂತಾರೆ. ಆದರೆ ಅದರಲ್ಲಿ ಬಹುಪಾಲು ಚಳಿ ದೇಶದವರು ಬರೆದದ್ದು, ಹೀಟರ್ ಹಾಕಿದ ಮನೆಯಲ್ಲಿ ಸಿಗಾರ್ ಒಣಗಿ ಬಿರುಕು ಬಿಡುವುದೇ ಅವರ ತಲೆನೋವು. ನಮ್ಮದು ಪೂರ್ತಿ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರ, ಅಂಕೋಲಾ, ಕುಮಟಾದಲ್ಲಿ ಗಾಳಿಯ ತೇವಾಂಶ ಎಷ್ಟೋ ದಿನ ಶೇ 85 ದಾಟುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಬರುವ ಊರಲ್ಲಿ ತಂಬಾಕಿನ ಎಲೆಯನ್ನ ಬಿಡುತ್ತದಾ?

ಹಾಗಾಗಿ ನಾನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ದಿನ ಎಣಿಸಬೇಕಾದ್ದು ಸಿಗಾರ್ ಮನೆಗೆ ಬಂದ ದಿನದಿಂದ ಅಲ್ಲ, ಡಬ್ಬಿಯೊಳಗಿನ ತೇವ ಒಂದು ಮಟ್ಟಕ್ಕೆ ನಿಂತ ದಿನದಿಂದ. ತೇವ ಹಿಡಿತಕ್ಕೆ ಬರದಿದ್ದರೆ ಎರಡು ವರ್ಷ ಇಟ್ಟರೂ ಅದು ಏಜಿಂಗ್ (ಇಟ್ಟು ಹದ ಮಾಡುವುದು) ಅಲ್ಲ, ಸುಮ್ನೆ ಹಾಳಾಗಲು ಬಿಟ್ಟ ಹಾಗೆ.

ಯಾಕೆ ಇಡಬೇಕು ಅನ್ನೋದು ಗೊತ್ತಿದ್ದರೆ ಎಷ್ಟು ದಿನ ಅನ್ನೋದು ತಾನಾಗಿ ಹೊಳೆಯುತ್ತದೆ. ತಂಬಾಕಿನ ಎಲೆಯನ್ನ ದೊಡ್ಡ ರಾಶಿ ಹಾಕಿ ಹುದುಗಿಸುತ್ತಾರೆ, ಆಗ ಅದರ ಅಮೋನಿಯಾ, ಒರಟುತನ ಎಲ್ಲ ಹೊರಗೆ ಹೋಗುತ್ತದೆ. ಆದರೆ ಸುತ್ತುವಾಗ ಎಲೆ ಮುರಿಯಬಾರದು ಅಂತ ಮತ್ತೆ ತೇವ ಮಾಡಲೇಬೇಕು. ಆ ತೇವದಿಂದ ಹುದುಗುವಿಕೆ ಸ್ವಲ್ಪ ಸ್ವಲ್ಪ ಪುನಃ ಶುರುವಾಗುತ್ತದೆ. ಅದಕ್ಕೇ ಸುತ್ತಿ ಕೆಲವೇ ತಿಂಗಳಾದ ಸಿಗಾರ್‌ನಲ್ಲಿ ಮೂಗಿಗೆ ಹೊಡೆಯುವ ವಾಸನೆ, ನಾಲಿಗೆ ಮೇಲೆ ಚುರುಕು. ಅದು ಇಳಿಯಲು ಸಮಯ ಬೇಕು. ಒಳಗಿನ ಬೇರೆಬೇರೆ ಎಲೆಗಳ ರುಚಿ ಒಂದಕ್ಕೊಂದು ಕೂಡಿಕೊಳ್ಳಲೂ ಸಮಯ ಬೇಕು. ನಮ್ಮ ಜಿಲ್ಲೆಯವರಿಗೆ ಇದನ್ನ ಜಾಸ್ತಿ ವಿವರಿಸಬೇಕಾಗಿಲ್ಲ, ಕುಮಟಾ ಪೇಟೆಯಲ್ಲಿ ಹೊಸ ಚಾಲಿ ಅಡಿಕೆಗೆ ಒಂದು ರೇಟು, ಹಳೆ ಚಾಲಿಗೆ ಇನ್ನೊಂದು ರೇಟು ಇರುತ್ತದಲ್ವಾ, ಅದೇ ಲೆಕ್ಕ.

ಈಗ ದಿನಗಳಿಗೆ ಬರೋಣ. ಡೊಮಿನಿಕನ್ ರಿಪಬ್ಲಿಕ್, ನಿಕರಾಗುವಾ, ಹೊಂಡುರಾಸ್‌ನ ಒಳ್ಳೆ ಕಂಪನಿಗಳು ಸುತ್ತಿದ ಮೇಲೆ ತಮ್ಮ ಕೋಣೆಯಲ್ಲೇ ತಿಂಗಳುಗಟ್ಟಲೆ ಇಟ್ಟು ನಂತರ ಹೊರಗೆ ಬಿಡುತ್ತಾರೆ. ಅಂದರೆ ಸೇದಲು ತಯಾರಾಗಿಯೇ ಬರುತ್ತದೆ. ನಿಮ್ಮ ಕೆಲಸ ಪ್ರಯಾಣದ ಆಯಾಸ ಇಳಿಸುವುದು ಮಾತ್ರ: ವಿಮಾನದ ಒಣ ಗಾಳಿ, ಬಸ್ಸಿನ ಸೆಖೆ, ಊರಿನ ತೇವ ಎಲ್ಲ ಕಂಡು ಬಂದಿರುತ್ತದೆ. ಮೂರರಿಂದ ನಾಲ್ಕು ವಾರ ಸಾಕು. ಮಳೆಗಾಲದಲ್ಲಿ ಬಂದಿದ್ದರೆ ಆರು ವಾರ ಕೊಡಿ, ಒಳಗೆ ಎಳೆದುಕೊಂಡ ತೇವ ಹೊರಬರಲು ನಿಧಾನ. ಇದಾದ ಮೇಲೆ ಇನ್ನೂ ಇಡಬೇಕಾ ಅನ್ನೋದು ಸಿಗಾರ್‌ನ ಸ್ವಭಾವದ ಮೇಲೆ. ತೆಳು ಬಣ್ಣದ ಕನೆಕ್ಟಿಕಟ್ ಎಲೆಯ ಹೊರ ಹೊದಿಕೆ ಇರುವ ಸೌಮ್ಯ ಸಿಗಾರ್ ಆದರೆ ಒಂದು ವರ್ಷದೊಳಗೆ ಮುಗಿಸಿ. ಅದರಲ್ಲಿ ಇರುವುದೇ ನವಿರು ರುಚಿ, ಜಾಸ್ತಿ ಇಟ್ಟರೆ ಅದೂ ಸಪ್ಪೆಯಾಗುತ್ತದೆ. ಲಿಗೆರೋ, ಅಂದರೆ ಗಿಡದ ಮೇಲ್ಭಾಗದ ಖಡಕ್ ಎಲೆ ಜಾಸ್ತಿ ಇರುವ, ಎರಡು ಎಳೆತಕ್ಕೇ ತಲೆ ತಿರುಗಿಸುವ ನಿಕರಾಗುವಾ ಸಿಗಾರ್ ಆದರೆ ಆರು ತಿಂಗಳಿಂದ ಎರಡು ವರ್ಷ ಇಟ್ಟರೆ ನಿಜವಾಗಿ ಫರಕು ಗೊತ್ತಾಗುತ್ತದೆ, ಖಾರ ಇಳಿದು ಒಂದು ಸಿಹಿ ಮೇಲೆ ಬರುತ್ತದೆ. ಕಾಫಿ, ವೆನಿಲಾ ಪರಿಮಳ ಹಾಕಿದವನ್ನ ಇಡಲೇಬೇಡಿ. ಬೇರೆ ಡಬ್ಬಿಯಲ್ಲಿಟ್ಟು ಬೇಗ ಸೇದಿ, ಇಲ್ಲದಿದ್ದರೆ ಎಲ್ಲಾ ಸಿಗಾರ್‌ಗೂ ಅದರ ವಾಸನೆ ಅಂಟುತ್ತದೆ.

ಕ್ಯೂಬಾದ ವಿಷಯ ಬೇರೆ. ಅವು ಬಹಳ ಸಲ ಎಳಸಾಗಿಯೇ ಪೇಟೆಗೆ ಬರುತ್ತವೆ. ಡಬ್ಬಿಯ ಅಡಿಭಾಗ ತಿರುಗಿಸಿ ನೋಡಿ, ಅಲ್ಲಿ ಪ್ಯಾಕ್ ಮಾಡಿದ ತಿಂಗಳು ವರ್ಷದ ಮುದ್ರೆ ಇರುತ್ತದೆ. ತಿಂಗಳು ಸ್ಪ್ಯಾನಿಷ್‌ನಲ್ಲಿ ಮೂರು ಅಕ್ಷರ: ಜನವರಿಗೆ ಇಎನ್‌ಇ, ಏಪ್ರಿಲ್‌ಗೆ ಎಬಿಆರ್, ಆಗಸ್ಟ್‌ಗೆ ಎಜಿಒ, ಡಿಸೆಂಬರ್‌ಗೆ ಡಿಐಸಿ. ಪಕ್ಕದಲ್ಲಿ ವರ್ಷದ ಎರಡು ಅಂಕಿ. ಆ ತಾರೀಖಿನಿಂದ ಕಡಿಮೆ ಅಂದರೂ ಒಂದು ವರ್ಷ ಆಗಿರಲಿ, ಎರಡು ಮೂರು ವರ್ಷವಾದರೆ ಇನ್ನೂ ಒಳ್ಳೆಯದು. ಬೊಲಿವಾರ್, ಪಾರ್ತಗಾಸ್‌ನಂಥ ಗಟ್ಟಿ ಸಿಗಾರ್‌ಗಳು ಐದು ವರ್ಷ ದಾಟಿದರೂ ಸೋಲುವುದಿಲ್ಲ. ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ರಿಂಗ್ ಗೇಜ್ ಅಂದರೆ ಒಂದು ಇಂಚಿನ 64ನೇ ಭಾಗ, ಅಂದರೆ 50 ರಿಂಗ್‌ನದ್ದು ಸುಮಾರು 20 ಮಿಲಿಮೀಟರ್ ದಪ್ಪ. ದಪ್ಪನೆಯದು ನಿಧಾನ ಹಣ್ಣಾಗುತ್ತದೆ, ತೆಳ್ಳಗಿನದು ಬೇಗ.

ಒಂದೇ ಜಾತಿಯ ಐದು ಸಿಗಾರ್ ಇದ್ದರೆ ಯಾರ ಮಾತನ್ನೂ ನಂಬಬೇಕಾಗಿಲ್ಲ. ಒಂದು ತಿಂಗಳಿಗೆ ಒಂದು, ಮೂರು ತಿಂಗಳಿಗೆ ಒಂದು, ಆರಕ್ಕೆ ಒಂದು, ವರ್ಷಕ್ಕೆ ಒಂದು ಸೇದಿ, ಚೀಟಿಯಲ್ಲಿ ಎರಡು ಸಾಲು ಬರೆದಿಡಿ. ನಿಮ್ಮ ನಾಲಿಗೆಗೆ ಯಾವಾಗ ಸರಿ ಅನ್ನಿಸಿತೋ ಅದೇ ಆ ಸಿಗಾರ್‌ನ ವಯಸ್ಸು. ಐದನೆಯದನ್ನ ಆ ಲೆಕ್ಕದಲ್ಲಿ ಸೇದಿ.

ಇನ್ನು ಇಡುವ ಡಬ್ಬಿ. ಇಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಕರಾವಳಿಯಲ್ಲಿ ಇರುವವರು ದುಬಾರಿ ಮರದ ಹ್ಯೂಮಿಡಾರ್‌ಗೆ ದುಡ್ಡು ಸುರಿಯಬೇಡಿ. ಮರ ಹೊರಗಿನ ತೇವವನ್ನ ಒಳಗೆ ಬಿಟ್ಟುಕೊಳ್ಳುತ್ತದೆ, ಜುಲೈಯಲ್ಲಿ ಮುಚ್ಚಳ ಉಬ್ಬಿ ಸರಿಯಾಗಿ ಕೂರುವುದೂ ಇಲ್ಲ. ಅಡುಗೆಮನೆ ಸಾಮಾನಿನ ಅಂಗಡಿಯಲ್ಲಿ ಸಿಗುವ, ರಬ್ಬರ್ ಅಂಚಿನ, ನಾಲ್ಕೂ ಕಡೆ ಕ್ಲಿಪ್ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೇ ನಮಗೆ ಸರಿ. ಹೊಸತನ್ನ ತೊಳೆದು, ವಾಸನೆ ಹೋಗುವ ತನಕ ಬಿಸಿಲಿಗೆ ಬಾಯಿ ತೆರೆದಿಡಿ. ಒಳಗೆ ಸ್ಪ್ಯಾನಿಷ್ ಸೀಡರ್ ಹಲಗೆ ಹಾಕಿ, ಸಿಗಾರ್ ಡಬ್ಬಿಯೊಳಗೆ ಬರುವ ತೆಳು ಹಾಳೆಗಳೇ ಸಾಕು. ಹೆಸರಿಗೆ ಸೀಡರ್, ಆದರೆ ಅದು ಮಹಾಗನಿ ಕುಟುಂಬದ ಮರ. ನಮ್ಮ ಘಟ್ಟದ ಗಂಧಗರಿಗೆ ಇದಕ್ಕೆ ಹತ್ತಿರದ ಸಂಬಂಧಿ, ಹಳೆಯ ಸಸ್ಯಶಾಸ್ತ್ರದಲ್ಲಿ ಎರಡನ್ನೂ ಸೆಡ್ರೆಲಾ ಅಂತಲೇ ಕರೆಯುತ್ತಿದ್ದರು. ಚೆನ್ನಾಗಿ ಒಣಗಿದ, ಪಾಲಿಶ್ ಮುಟ್ಟದ ಗಂಧಗರಿಗೆ ತುಂಡು ಬಡಗಿಯ ಹತ್ತಿರ ಸಿಕ್ಕರೆ ಖಾಲಿ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ವಾಸನೆ ನೋಡಿ, ಹಿತವಾಗಿದ್ದರೆ ಬಳಸಬಹುದು. ದೇವದಾರು ಬೇಡ, ಅದರ ಎಣ್ಣೆ ವಾಸನೆ ಜೋರು.

ತೇವ ಹಿಡಿದಿಡಲು ಎರಡೂ ಕಡೆ ಕೆಲಸ ಮಾಡುವ ಬೊವೇಡಾ ಥರದ ಪೊಟ್ಟಣ ಬೇಕು, ಕಡಿಮೆಯಾದರೆ ತೇವ ಕೊಡುತ್ತದೆ, ಜಾಸ್ತಿಯಾದರೆ ಎಳೆದುಕೊಳ್ಳುತ್ತದೆ. ಪುಸ್ತಕದ ಲೆಕ್ಕ ಶೇ 70. ನಮ್ಮ ಸೆಖೆಗೆ ಅದು ಜಾಸ್ತಿ, ಶೇ 65ರದ್ದು ಹಾಕಿ, ಕ್ಯೂಬಾದ್ದಕ್ಕೆ 62 ಆದರೂ ಆಗಬಹುದು. ಶೇ 75 ದಾಟಿ, ಜೊತೆಗೆ ಸೆಖೆಯೂ ಇದ್ದರೆ ಬೂಷ್ಟು ಬಂದೇ ಬರುತ್ತದೆ. ನೀರು ಹಾಕುವ ಸ್ಪಂಜು ಮಳೆಗಾಲದಲ್ಲಿ ಬೇಡವೇ ಬೇಡ. ಪೊಟ್ಟಣ ಊದಿಕೊಂಡು ದಿಂಬಿನ ಹಾಗಾಗಿದ್ದರೆ ಅದು ಹೊಟ್ಟೆ ತುಂಬಾ ನೀರು ಕುಡಿದಿದೆ ಅಂತ ಅರ್ಥ, ಬದಲಾಯಿಸಿ.

ಒಳಗಿನ ಹೈಗ್ರೋಮೀಟರ್, ಅಂದರೆ ತೇವ ಅಳೆಯುವ ಮೀಟರ್, ಹೇಳುವುದು ನಿಜವಾ ಅಂತ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಹನಿ ಹನಿ ನೀರು ಬಿಡಿ. ಉಪ್ಪು ಕರಗಬಾರದು, ಅಲೆ ಬಂದು ಹೋದ ಮೇಲಿನ ಮರಳಿನಷ್ಟು ಒದ್ದೆಯಾದರೆ ಸಾಕು. ಅದನ್ನೂ ಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿಗೆ ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀಟರ್ 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ 5 ಜಾಸ್ತಿ ಹೇಳುತ್ತದೆ ಅಂತ ಅದರ ಬೆನ್ನಿಗೇ ಬರೆದಿಡಿ.

ಡಬ್ಬಿ ಎಲ್ಲಿ ಇಡುತ್ತೀರಿ ಅನ್ನೋದೂ ಮುಖ್ಯ. ಮಳೆಗಾಲ ಬಂತು ಅಂತ ಬಟ್ಟೆ ಕಪಾಟಿಗೆ ಡಾಂಬರು ಗುಳಿಗೆ ಹಾಕುತ್ತೇವಲ್ಲ, ಆ ಕಪಾಟು ಬೇಡ. ಒಣ ಮೀನು ಕಟ್ಟಿಟ್ಟ ಅಟ್ಟದ ಪಕ್ಕ ಬೇಡ, ದೇವರ ಕೋಣೆಯ ಕರ್ಪೂರದ ಹತ್ತಿರವೂ ಬೇಡ. ಡಬ್ಬಿ ತೆರೆದ ಪ್ರತಿ ಸಲ ತಂಬಾಕು ಸುತ್ತಲಿನ ವಾಸನೆ ಎಳೆದುಕೊಳ್ಳುತ್ತದೆ, ಎಳೆದುಕೊಂಡದ್ದನ್ನ ಬಿಡುವುದೂ ಇಲ್ಲ. ಮನೆಯಲ್ಲಿ ಯಾವ ಕೋಣೆ ತಂಪೋ ಅಲ್ಲಿ, ಬಿಸಿಲು ಬೀಳದ ಗೋಡೆ ಬದಿಗೆ, ನೆಲಕ್ಕೆ ಹತ್ತಿರ ಇಡಿ. ಸಿಗಾರ್‌ಗೆ ಹಿತವಾದದ್ದು 18ರಿಂದ 21 ಡಿಗ್ರಿ. ಶಿರಸಿ, ಸಿದ್ದಾಪುರ ಕಡೆಯವರಿಗೆ ಡಿಸೆಂಬರ್ ಜನವರಿಯಲ್ಲಿ ಇದು ಪುಕ್ಕಟೆ ಸಿಗುತ್ತದೆ. ಕಾರವಾರದವರಿಗೆ ಏಪ್ರಿಲ್ ಮೇನಲ್ಲಿ ಎಸಿ ಇಲ್ಲದೆ ಸಿಗುವುದಿಲ್ಲ, ಹಾಗಾಗಿ ಮುಂದಿನ ಮಾತು ಕರಾವಳಿಯವರು ಗಮನವಿಟ್ಟು ಓದಿ.

ತಂಬಾಕಿಗೆ ಒಂದು ಹುಳ ಇದೆ, ಕಂದು ಬಣ್ಣದ್ದು, ಎಳ್ಳಿನಷ್ಟೇ. ಅದರ ಮೊಟ್ಟೆ ಎಲೆಯಲ್ಲಿ ಮೊದಲಿಂದಲೇ ಇರಬಹುದು. 24 ಡಿಗ್ರಿ ದಾಟಿದರೆ ಮೊಟ್ಟೆ ಒಡೆಯುವ ಭಯ, ಮರಿ ಸಿಗಾರ್ ಒಳಗೆ ಸುರಂಗ ಕೊರೆದು ಗುಂಡುಪಿನ್ನು ಚುಚ್ಚಿದಂಥ ತೂತು ಮಾಡಿ ಹೊರಬರುತ್ತದೆ, ಕೆಳಗೆ ನುಣ್ಣನೆ ಪುಡಿ ಬಿದ್ದಿರುತ್ತದೆ. ದೊಡ್ಡ ಕಂಪನಿಗಳು ಕಳಿಸುವ ಮೊದಲೇ ಫ್ರೀಜ್ ಮಾಡುತ್ತವೆ. ಆದರೂ ನಮ್ಮ ಸೆಖೆಯಲ್ಲಿ ವರ್ಷ ಇಡುವ ಯೋಚನೆ ಇದ್ದರೆ ನೀವೂ ಒಮ್ಮೆ ಮಾಡಿ. ಸಿಗಾರ್‌ಗಳನ್ನ ಎರಡು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆಯಿರಿ. ಒಂದು ದಿನ ಫ್ರಿಜ್‌ನಲ್ಲಿ, ಆಮೇಲೆ ಮೂರು ದಿನ ಫ್ರೀಜರ್‌ನಲ್ಲಿ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ, ನಂತರ ಹೊರಗೆ. ನೇರ ಫ್ರೀಜರ್‌ನಿಂದ ಸೆಖೆಗೆ ತಂದರೆ ಹೊದಿಕೆ ಸೀಳುತ್ತದೆ. ಹೊರಗಿಟ್ಟ ಮೇಲೂ ಚೀಲ ಪೂರ್ತಿ ಬೆಚ್ಚಗಾಗುವ ತನಕ ತೆರೆಯಬೇಡಿ, ನಮ್ಮ ಗಾಳಿಗೆ ತಣ್ಣಗಿನ ಸಿಗಾರ್ ತೋರಿಸಿದ ಕ್ಷಣಕ್ಕೇ ಮೇಲೆ ನೀರು ಕೂರುತ್ತದೆ. ಗಾಳಿ ಮಳೆಗೆ ಕರೆಂಟು ದಿನಗಟ್ಟಲೆ ಹೋದರೆ ಆ ಮೂರು ದಿನವನ್ನ ಮೊದಲಿಂದ ಎಣಿಸಿ. ಇದಾದ ಮೇಲೆ ಮೂರು ವಾರ ವಿಶ್ರಾಂತಿ.

ಮಳೆಗಾಲ ಪೂರ್ತಿ ಡಬ್ಬಿಯನ್ನ ಎಷ್ಟು ಕಡಿಮೆ ತೆರೆಯುತ್ತೀರೋ ಅಷ್ಟು ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು, ಆಗಲೇ ಮೇಲಿನದನ್ನ ಕೆಳಗೆ, ಕೆಳಗಿನದನ್ನ ಮೇಲೆ ಮಾಡಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಬಂದಿದ್ದರೆ ಬಿಚ್ಚಬೇಡಿ. ನೋಡುವಾಗ ಸಿಗಾರ್‌ನ ಬುಡ, ಅಂದರೆ ಬೆಂಕಿ ಹಚ್ಚುವ ತುದಿ, ಬೆಳಕಿಗೆ ಹಿಡಿಯಿರಿ. ಬೂಷ್ಟು ಅಲ್ಲಿಂದಲೇ ಶುರುವಾಗುವುದು ಜಾಸ್ತಿ. ಹೊದಿಕೆ ಮೇಲೆ ಬಿಳಿ ಬಂದರೆ ಏಜ್ ಆಗಿದ್ದಕ್ಕೆ ಬಂದ ಎಣ್ಣೆ ಹರಳು ಅಂತ ಖುಷಿಪಡುವವರು ಇದ್ದಾರೆ. ನಮ್ಮ ಹವೆಯಲ್ಲಿ ಅದು ಬೂಷ್ಟು ಅಂತಲೇ ತಿಳಿಯಿರಿ. ಹೊದಿಕೆ ಮೇಲೆ ಮಾತ್ರ ಇದ್ದರೆ ಒರೆಸಿ ಬೇರೆ ಇಡಬಹುದು, ಬುಡದೊಳಗೆ ಹೊಕ್ಕಿದ್ದರೆ, ಇಲ್ಲಾ ಹಸಿರು ನೀಲಿ ಇದ್ದರೆ ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ. ತಂಬಾಕು ಹೇಗೂ ಆರೋಗ್ಯಕ್ಕೆ ಕೆಟ್ಟದ್ದು, ಎಷ್ಟು ವರ್ಷ ಇಟ್ಟರೂ ಅದು ಬದಲಾಗುವುದಿಲ್ಲ, ಅದರ ಮೇಲೆ ಬೂಷ್ಟಿನ ಹೊಗೆಯೂ ಯಾಕೆ?

ಕೊನೆಗೆ ಸೇದುವ ದಿನ. ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿ ನೋಡಿ. ಸ್ವಲ್ಪ ಬಾಗಿ ವಾಪಸ್ ಬಂದರೆ ತಯಾರು. ಮೆತ್ತಗೆ ಒಳಗೇ ಕೂತರೆ ಇನ್ನೂ ಹಸಿ, ಹಚ್ಚಿದರೂ ಒಂದೇ ಬದಿಗೆ ಉರಿದು ಮತ್ತೆ ಮತ್ತೆ ಆರುತ್ತದೆ. ಕರಕರ ಅಂದರೆ ಒಣಗಿದೆ. ಸೇದುವ ಮೊದಲು ಒಂದು ದಿನ ಹೊರಗಿಟ್ಟು ಒಣಗಿಸಿ ಅಂತ ವಿದೇಶದವರು ಹೇಳುವ ಉಪಾಯವನ್ನ ಜುಲೈಯಲ್ಲಿ ಇಲ್ಲಿ ಮಾಡಬೇಡಿ, ಹೊರಗಿಟ್ಟಷ್ಟೂ ಅದು ತೇವ ಕುಡಿಯುತ್ತದೆ. ಹಸಿ ಅನ್ನಿಸಿದರೆ ಸಣ್ಣ ಡಬ್ಬಿಯಲ್ಲಿ ಸೀಡರ್ ಹಾಳೆ, ಒಂದು ಚಿಕ್ಕ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ರಾತ್ರಿ ಮುಚ್ಚಿಡಿ, ಮರುದಿನ ಸಂಜೆ ಡಬ್ಬಿಯಿಂದ ತೆಗೆದ ಕೂಡಲೇ ತುದಿ ಕತ್ತರಿಸಿ ಹಚ್ಚಿ.