ಹೊಸ ವೈಡ್ ರಿಸೀವರ್‌ಗೆ ತಂಡದಲ್ಲಿ ಜಾಗ ಎಲ್ಲಿ? ನಾನು ಲೆಕ್ಕ ಹಾಕುವ ಬಗೆ

ಏಪ್ರಿಲ್ ಕೊನೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ, ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ 7 ಸುತ್ತುಗಳು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ 30ರ ಆಸುಪಾಸಿನಷ್ಟು ವೈಡ್ ರಿಸೀವರ್‌ಗಳು (ಮುಂದಕ್ಕೆ ಓಡಿ ಪಾಸ್ ಹಿಡಿಯುವವರು) ಕಾಲೇಜು ಮೈದಾನಗಳಿಂದ ವೃತ್ತಿಪರ ತಂಡಗಳಿಗೆ ಬಂದಿರುತ್ತಾರೆ. ಯಾರ ಓಟ ಎಷ್ಟು ಚುರುಕು, ಯಾರ ಕೈ ಎಷ್ಟು ಭದ್ರ ಎಂಬ ಚರ್ಚೆ ಅಷ್ಟರಲ್ಲಿ ಬೇಕಾದಷ್ಟು ನಡೆದಿರುತ್ತದೆ. ನನಗೆ ಬೇಕಾದ ಉತ್ತರ ಬೇರೆ. ಸೆಪ್ಟೆಂಬರ್‌ನಲ್ಲಿ ಪಂದ್ಯಗಳು ಆರಂಭವಾದಾಗ ಈ ಹುಡುಗ ಎಲ್ಲಿ ನಿಲ್ಲುತ್ತಾನೆ, ಎಷ್ಟು ಹೊತ್ತು ಮೈದಾನದಲ್ಲಿರುತ್ತಾನೆ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಅವನ ಕಡೆಗೆ ಎಷ್ಟು ಸಲ ಹೊರಳುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಈ ಆಟ ನನ್ನನ್ನು ಹಿಡಿದುಕೊಂಡಿತು. ಸಹೋದ್ಯೋಗಿಗಳ ಜೊತೆ ನಾನು ಆಡುವ, ನಿಜ ಆಟಗಾರರ ಅಂಕಿಗಳ ಮೇಲೆ ನಡೆಯುವ ಕಾಲ್ಪನಿಕ ತಂಡಗಳ ಡೈನಾಸ್ಟಿ ಲೀಗ್‌ನಲ್ಲಿ ಒಮ್ಮೆ ಆರಿಸಿಕೊಂಡ ಆಟಗಾರ ವರ್ಷವರ್ಷವೂ ನಮ್ಮ ಬಳಿಯೇ ಉಳಿಯುವುದರಿಂದ, ಈ ಪ್ರಶ್ನೆಗೆ ಉತ್ತರ ಹುಡುಕುವುದು ನನ್ನ ಪ್ರತಿ ಬೇಸಿಗೆಯ ಕೆಲಸವಾಗಿದೆ.

ಮೊದಲಿಗೆ ನಾನು ಹೊಸ ಆಟಗಾರನ ವಿಡಿಯೋ ನೋಡುವುದಿಲ್ಲ. ತಂಡದಿಂದ ಯಾರು ಹೊರಟುಹೋದರು, ಹಿಂದಿನ ವರ್ಷ ಅವರ ಕಡೆಗೆ ಎಷ್ಟು ಪಾಸ್‌ಗಳು ಹೋಗಿದ್ದವು, ಆ ಪಾಸ್‌ಗಳು ಮೈದಾನದ ಯಾವ ಭಾಗದಲ್ಲಿ ಸಿಕ್ಕಿದ್ದವು ಎಂದು ಪಟ್ಟಿ ಮಾಡುತ್ತೇನೆ. ಕ್ರಿಕೆಟ್ ಬಲ್ಲವರಿಗೆ ಇದು ಹೊಸದೇನಲ್ಲ. ರಣಜಿಯಲ್ಲಿ ಆರಂಭಿಕನಾಗಿ ರನ್ ಗುಡ್ಡೆ ಹಾಕಿದವನು, ಆರಂಭಿಕರಿಬ್ಬರೂ ಭದ್ರವಾಗಿ ಕೂತಿರುವ ತಂಡಕ್ಕೆ ಬಂದರೆ ಆರನೆಯ ಕ್ರಮಾಂಕದಲ್ಲಿ ಆಡಬೇಕಾಗುತ್ತದೆ, ಇಲ್ಲವೇ ಹೊರಗೆ ಕೂರಬೇಕಾಗುತ್ತದೆ. ಪ್ರತಿಭೆ ಎಷ್ಟೇ ಇರಲಿ, ಮೊದಲ ವರ್ಷದ ಪಾತ್ರವನ್ನು ನಿರ್ಧರಿಸುವುದು ತಂಡದಲ್ಲಿ ತೆರವಾಗಿರುವ ಜಾಗ.

ಇದನ್ನು 2024ರಷ್ಟು ಸ್ಪಷ್ಟವಾಗಿ ತೋರಿಸಿದ ವರ್ಷ ಇನ್ನೊಂದಿಲ್ಲ. ಆ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್ ತಂಡ ಕೀನನ್ ಅಲೆನ್‌ನನ್ನು ನಾಲ್ಕನೆಯ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ಷಿಕಾಗೋ ಬೇರ್ಸ್‌ಗೆ ಬಿಟ್ಟುಕೊಟ್ಟಿತು. 2023ರಲ್ಲಿ ಅಲೆನ್ 13 ಪಂದ್ಯಗಳಲ್ಲಿ 150 ಟಾರ್ಗೆಟ್ (ತನ್ನ ಕಡೆಗೆ ಎಸೆದ ಪಾಸ್) ಪಡೆದು, 108 ಕ್ಯಾಚ್‌ಗಳಲ್ಲಿ 1,243 ಗಜ ಗಳಿಸಿದ್ದ. ಅದೇ ತಿಂಗಳು ಮೈಕ್ ವಿಲಿಯಮ್ಸ್‌ನನ್ನೂ ಚಾರ್ಜರ್ಸ್ ಕೈಬಿಟ್ಟಿತು. ಪಾಸ್ ಹಿಡಿಯುವುದರಲ್ಲಿ ನುರಿತಿದ್ದ ರನ್ನಿಂಗ್ ಬ್ಯಾಕ್ (ಚೆಂಡು ಹೊತ್ತು ಓಡುವವನು) ಆಸ್ಟಿನ್ ಎಕ್ಲರ್ ಮತ್ತು ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ ಜೊತೆಗೆ ಪಾಸ್ ಹಿಡಿಯುವವನು) ಜೆರಾಲ್ಡ್ ಎವರೆಟ್ ಕೂಡ ಹೊರಟರು. ಉಳಿದವರಲ್ಲಿ ಜೋಶ್ ಪಾಮರ್ ಇದ್ದ, ಮೊದಲ ವರ್ಷದಲ್ಲಿ 38 ಕ್ಯಾಚ್‌ಗಳಿಗೆ ನಿಂತುಹೋಗಿದ್ದ ಕ್ವೆಂಟಿನ್ ಜಾನ್‌ಸ್ಟನ್ ಇದ್ದ. ಜಸ್ಟಿನ್ ಹರ್ಬರ್ಟ್‌ನಂಥ ಕ್ವಾರ್ಟರ್‌ಬ್ಯಾಕ್ ಇದ್ದೂ, ಅವನು ಸಹಜವಾಗಿ ನೋಡುತ್ತಿದ್ದ ಕಡೆಯಲ್ಲಿ ಯಾರೂ ಇರಲಿಲ್ಲ. ಡ್ರಾಫ್ಟ್‌ನ ಎರಡನೆಯ ಸುತ್ತಿನಲ್ಲಿ ತಂಡ 37ರಿಂದ 34ನೆಯ ಸ್ಥಾನಕ್ಕೆ ಮೇಲೇರಿ ಜಾರ್ಜಿಯಾ ವಿಶ್ವವಿದ್ಯಾಲಯದ ಲ್ಯಾಡ್ ಮೆಕಾಂಕಿಯನ್ನು ಆರಿಸಿತು. ಮೂರು ಸ್ಥಾನ ಮೇಲೇರಲು ತಂಡ ಬೆಲೆ ತೆರುತ್ತದೆಯೆಂದರೆ ಅವನಿಗಾಗಿ ಕೆಲಸ ಮೊದಲೇ ಗೊತ್ತುಮಾಡಿಟ್ಟಿದೆ ಎಂದೇ ನಾನು ಓದುತ್ತೇನೆ.

ಅದೇ ಅಲೆನ್ ಹೋಗಿ ಸೇರಿದ ಷಿಕಾಗೋದಲ್ಲಿ ಚಿತ್ರ ತದ್ವಿರುದ್ಧವಾಗಿತ್ತು. ಬೇರ್ಸ್ ಒಂಬತ್ತನೆಯ ಆಯ್ಕೆಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಮ್ ಒಡುಂಜೆಯನ್ನು ತಂದಿತು. ಕಾಲೇಜಿನ ಕೊನೆಯ ವರ್ಷದಲ್ಲಿ 92 ಕ್ಯಾಚ್, 1,640 ಗಜ, 13 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ವಲಯ ಮುಟ್ಟಿಸುವುದು). 6 ಅಡಿ 3 ಅಂಗುಲ ಎತ್ತರ. ಮೈಮೇಲೆ ಡಿಫೆಂಡರ್ ಇದ್ದರೂ ಗಾಳಿಯಲ್ಲಿ ಚೆಂಡನ್ನು ತನ್ನದಾಗಿಸಿಕೊಳ್ಳುವ ಕಲೆ. ಆಟಗಾರನಾಗಿ ಮಾತ್ರ ತೂಗಿದರೆ ನನ್ನ ಪಟ್ಟಿಯಲ್ಲಿ ಒಡುಂಜೆ ಮೆಕಾಂಕಿಗಿಂತ ಮೇಲಿದ್ದ. ಆದರೆ ಅಲ್ಲಿ ಹಿಂದಿನ ವರ್ಷ 1,364 ಗಜ ಗಳಿಸಿದ್ದ ಡಿ.ಜೆ. ಮೂರ್ ಒಂದು ಕಡೆ, ಅಲೆನ್ ಇನ್ನೊಂದು ಕಡೆ. ಚೆಂಡು ಎಸೆಯುವವನು ಸ್ವತಃ ಹೊಸಬನಾದ ಕೇಲೆಬ್ ವಿಲಿಯಮ್ಸ್. ಹೊಸ ಕ್ವಾರ್ಟರ್‌ಬ್ಯಾಕ್ ಒತ್ತಡಕ್ಕೆ ಸಿಕ್ಕಾಗ ಅನುಭವಿಯನ್ನೇ ಹುಡುಕುತ್ತಾನೆ. ಹಾಗಾಗಿ ಒಡುಂಜೆಯ ಮೊದಲ ವರ್ಷಕ್ಕೆ ಮೂರನೆಯ ರಿಸೀವರ್ ಎಂದೂ, ಮೆಕಾಂಕಿಯ ಮೊದಲ ವರ್ಷಕ್ಕೆ ಮೊದಲನೆಯ ರಿಸೀವರ್ ಎಂದೂ ಬರೆದುಕೊಂಡೆ.

ತಂಡದ ಪಟ್ಟಿ ಮುಗಿದ ಮೇಲೆ ಆಟಗಾರನ ವಿಡಿಯೋಗೆ ಬರುತ್ತೇನೆ. ಟಿವಿಯಲ್ಲಿ ಬರುವ ಪ್ರಸಾರ ಈ ಕೆಲಸಕ್ಕೆ ಸಾಲದು. ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುವುದರಿಂದ ರಿಸೀವರ್ ಓಡುವ ರೂಟ್‌ನ (ಮೊದಲೇ ಗೊತ್ತುಮಾಡಿದ ಓಟದ ದಾರಿಯ) ಹೆಚ್ಚಿನ ಭಾಗ ಪರದೆಯ ಆಚೆಗೇ ಉಳಿದುಬಿಡುತ್ತದೆ. 22 ಆಟಗಾರರೂ ಒಟ್ಟಿಗೆ ಕಾಣುವ, ಎತ್ತರದಿಂದ ತೆಗೆದ ಆಲ್-22 ವಿಡಿಯೋ ಬೇಕು. ವೃತ್ತಿಪರ ಪಂದ್ಯಗಳದ್ದು ಚಂದಾ ಕಟ್ಟಿದರೆ ಸಿಗುತ್ತದೆ, ಕಾಲೇಜಿನದ್ದು ಸಿಕ್ಕಷ್ಟು ನೋಡುತ್ತೇನೆ. ಕ್ಯಾಚ್ ಹಿಡಿದ ತುಣುಕುಗಳನ್ನಷ್ಟೇ ಜೋಡಿಸಿದ ವಿಡಿಯೋಗಳನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಅವುಗಳಲ್ಲಿ ಎಲ್ಲರೂ ಶ್ರೇಷ್ಠರಾಗಿಯೇ ಕಾಣುತ್ತಾರೆ.

ಪ್ರತಿ ಪಾಸ್ ಆಟಕ್ಕೂ ನನ್ನ ಕೋಷ್ಟಕದಲ್ಲಿ ಒಂದು ಸಾಲು. ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಮೂರನೆಯ ಡೌನ್, ಅಂದರೆ 10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು; ಇನ್ನು 6 ಗಜ ಬೇಕು. ರಿಸೀವರ್ ಬಲಗಡೆಯ ಸ್ಲಾಟ್‌ನಲ್ಲಿ, ಅಂದರೆ ಲೈನ್‌ಮನ್‌ಗಳಿಗೂ ಹೊರಗಿನ ರಿಸೀವರ್‌ಗೂ ನಡುವೆ, ಆಟ ಶುರುವಾಗುವ ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಂತಿದ್ದಾನೆ. ಅವನನ್ನು ಕಾಯುವ ಎದುರಿನ ರಕ್ಷಕ, ಕಾರ್ನರ್‌ಬ್ಯಾಕ್, ಒಳಮಗ್ಗುಲಿಗೆ ನಿಂತು ಮೈದಾನದ ನಡುಭಾಗದ ದಾರಿ ಮುಚ್ಚಿದ್ದಾನೆ. ಸ್ನ್ಯಾಪ್ ಆದೊಡನೆ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದೊಡನೆ, ರಿಸೀವರ್ ಅವನ ಹೊರಭುಜದ ಕಡೆಗೇ ನೇರವಾಗಿ ಮೂರು ಹೆಜ್ಜೆ ಹಾಕಿ ಅವನನ್ನು ಹಿಂದಕ್ಕೆ ಓಡುವಂತೆ ಮಾಡುತ್ತಾನೆ. ಕಾರ್ನರ್‌ಬ್ಯಾಕ್‌ನ ಸೊಂಟ ತಿರುಗಿದ ಕ್ಷಣಕ್ಕೆ ಇವನು ಎಡಗಾಲು ಊರಿ ಹೊರಗೆ ಮುರಿಯುತ್ತಾನೆ. ಇಲ್ಲಿ ನಾನು ಬರೆಯುವುದು ಇಷ್ಟು: ನಿಂತ ಜಾಗ, ಎದುರಾಳಿ ಹತ್ತಿರವಿದ್ದನೇ ದೂರವಿದ್ದನೇ, ಓಡಿದ ರೂಟ್, ಕ್ವಾರ್ಟರ್‌ಬ್ಯಾಕ್ ಎಸೆಯಬೇಕಾದ ಹೊತ್ತಿಗೆ ಇವನು ಬಿಡುವಾಗಿದ್ದನೇ. ಚೆಂಡು ಇವನ ಕಡೆಗೆ ಬಂತೇ ಎಂಬುದು ಕೊನೆಯ ಅಂಕಣ. ಎಸೆಯುವವನು ಬೇರೆ ಕಡೆ ನೋಡಿದ ಮಾತ್ರಕ್ಕೆ ರಿಸೀವರ್‌ನ ಕೆಲಸ ಹಾಳಾಗುವುದಿಲ್ಲ.

ನಿಂತ ಜಾಗಕ್ಕೆ ನಾನು ಏಕೆ ಇಷ್ಟು ಮಹತ್ವ ಕೊಡುತ್ತೇನೆ ಎಂದರೆ, ಮೂರು ಜಾಗಗಳ ಕೆಲಸಗಳು ಮೂರು ಬಗೆಯವು. ಎಕ್ಸ್ ಎನಿಸಿಕೊಂಡವನು ಗೆರೆಯ ಮೇಲೆಯೇ ನಿಲ್ಲಬೇಕು. ಎದುರಾಳಿ ಮೈಮೇಲೆ ಬಂದು ತಳ್ಳಿದರೆ ತಪ್ಪಿಸಿಕೊಳ್ಳಲು ಅವನಿಗೆ ಜಾಗವಿಲ್ಲ, ಕೈ ಮತ್ತು ಕಾಲಿನ ಬಲದಿಂದಲೇ ಬಿಡಿಸಿಕೊಳ್ಳಬೇಕು. ಜ಼ಡ್ ಎನಿಸಿಕೊಂಡವನು ಗೆರೆಯಿಂದ ಹಿಂದಿರುವುದರಿಂದ ಅವನಿಗೆ ಉಸಿರಾಡಲು ಒಂದಿಷ್ಟು ಜಾಗವಿದೆ, ಸ್ನ್ಯಾಪ್‌ಗೆ ಮುಂಚೆ ಅಡ್ಡಡ್ಡ ಚಲಿಸಲೂ ಬಹುದು. ಸ್ಲಾಟ್‌ನವನಿಗೆ ಎರಡೂ ಕಡೆ ದಾರಿಯಿದೆ, ಆದರೆ ನಡುವಿನ ರಕ್ಷಕ ಲೈನ್‌ಬ್ಯಾಕರ್ ಮತ್ತು ಹಿಂದಿನ ರಕ್ಷಕ ಸೇಫ್ಟಿಯ ನಡುವಿನ ಜನಸಂದಣಿಯಲ್ಲಿ ರಕ್ಷಣೆಯ ವಿನ್ಯಾಸವನ್ನು ಓಡುತ್ತಲೇ ಓದಬೇಕು. ಹೊಸಬನಿಗೆ ಅತ್ಯಂತ ಕಠಿಣವಾದದ್ದು ಎಕ್ಸ್ ಎಂಬುದು ನನ್ನ ಅಭಿಪ್ರಾಯ. ಎತ್ತರದ ಹುಡುಗ ಎಂಬ ಒಂದೇ ಕಾರಣಕ್ಕೆ ಅವನನ್ನು ಅಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಾಗದ ಅಭ್ಯಾಸ.

ಕಾಲೇಜಿನಲ್ಲಿ ನಿಂತ ಜಾಗವೇ ವೃತ್ತಿಪರ ಆಟದಲ್ಲೂ ಅವನ ಜಾಗ ಎಂದು ತೀರ್ಮಾನಿಸುವುದಕ್ಕೂ ನಾನು ಹೋಗುವುದಿಲ್ಲ. ಜಸ್ಟಿನ್ ಜೆಫರ್ಸನ್ ಎಲ್‌ಎಸ್‌ಯುನಲ್ಲಿ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) 2019ರಲ್ಲಿ 111 ಕ್ಯಾಚ್ ಹಿಡಿದದ್ದು ಬಹುಪಾಲು ಸ್ಲಾಟ್‌ನಿಂದ. ಅದರಿಂದಾಗಿ ಅವನು ಸ್ಲಾಟ್‌ಗೆ ಮಾತ್ರ ಸರಿ ಎಂಬ ಮಾತು ಎದ್ದಿತ್ತು. ಆದರೆ ಆ ತಂಡದಲ್ಲಿ ಹೊರಗೆ ನಿಲ್ಲಲು ಜಮಾರ್ ಚೇಸ್ ಇದ್ದ, ಟೆರೆಸ್ ಮಾರ್ಷಲ್ ಇದ್ದ. ಅಂದರೆ ಕಾಲೇಜಿನ ಪಾತ್ರವನ್ನೂ ಆ ತಂಡದ ಖಾಲಿ ಜಾಗವೇ ನಿರ್ಧರಿಸಿತ್ತು. ಸ್ಟೀಫಾನ್ ಡಿಗ್ಸ್‌ನನ್ನು ಬಫಲೋಗೆ ಕಳುಹಿಸಿ ಪಡೆದ 22ನೆಯ ಆಯ್ಕೆಯಲ್ಲಿ ಮಿನೆಸೋಟಾ ಜೆಫರ್ಸನ್‌ನನ್ನು ತಂದು ಹೆಚ್ಚಾಗಿ ಹೊರಗೇ ನಿಲ್ಲಿಸಿತು. ಮೊದಲ ವರ್ಷವೇ ಅವನು 1,400 ಗಜ ಗಳಿಸಿದ. ಮೆಕಾಂಕಿಯ ಕಥೆ ಇದಕ್ಕೆ ತಿರುಗುಮುರುಗು: ಜಾರ್ಜಿಯಾದಲ್ಲಿ ಬಹುಪಾಲು ಹೊರಗೆ ನಿಂತವನು, ಅಲೆನ್ ಬಿಟ್ಟುಹೋದ ಸ್ಲಾಟ್‌ಗೆ ಬಂದ. ಅವನ ವಿಡಿಯೋದಲ್ಲಿ ನನ್ನನ್ನು ಒಪ್ಪಿಸಿದ್ದು ತಿರುವುಗಳಲ್ಲಿ ವೇಗ ಕಳೆದುಕೊಳ್ಳದ ಅವನ ಕಾಲು. ಕೊನೆಯ ವರ್ಷ ಗಾಯಗಳಿಂದಾಗಿ ಬರೀ 30 ಕ್ಯಾಚ್ ಹಿಡಿದಿದ್ದ; ಅಂಕಿಗಳನ್ನಷ್ಟೇ ನೋಡಿದವರಿಗೆ ಆ ಕಾಲು ಕಾಣುವಂತಿರಲಿಲ್ಲ.

ಓಟದ ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರಲ್ಲಿ 40 ಗಜವನ್ನು 4.22 ಸೆಕೆಂಡಿನಲ್ಲಿ ಓಡಿದ ಜಾನ್ ರಾಸ್ ಒಂಬತ್ತನೆಯ ಆಯ್ಕೆಯಾಗಿ ಬಂದು ಮೊದಲ ವರ್ಷ ಒಂದು ಕ್ಯಾಚ್ ಕೂಡ ಹಿಡಿಯಲಿಲ್ಲ. 2023ರಲ್ಲಿ 177ನೆಯ ಆಯ್ಕೆಯಾಗಿ ರಾಮ್ಸ್‌ಗೆ ಬಂದ ಪುಕಾ ನಕುವಾ ಆ ಓಟದಲ್ಲಿ ಸಾಧಾರಣನಾಗಿದ್ದೂ 105 ಕ್ಯಾಚ್, 1,486 ಗಜ ಗಳಿಸಿ 1960ರಿಂದ ಉಳಿದಿದ್ದ ಹೊಸಬರ ಗಜಗಳ ದಾಖಲೆಯನ್ನು ಮುರಿದ. ನಕುವಾನ ವಿಷಯದಲ್ಲಿ ಹೆಚ್ಚು ಜನ ಗಮನಿಸದ ಸಂಗತಿಯೊಂದಿದೆ: ಅವನು ಬ್ಲಾಕ್ ಮಾಡುತ್ತಾನೆ, ಅಂದರೆ ಎದುರಾಳಿಯನ್ನು ಮೈಯೊಡ್ಡಿ ತಡೆಯುತ್ತಾನೆ. ಶಾನ್ ಮೆಕ್‌ವೇ ಅವರ ರಾಮ್ಸ್ ತಂಡದಲ್ಲಿ ರಿಸೀವರ್‌ಗಳು ಲೈನ್‌ಮನ್‌ಗಳ ಹತ್ತಿರಕ್ಕೆ ಒತ್ತಾಗಿ ನಿಲ್ಲುತ್ತಾರೆ. ಚೆಂಡು ಹೊತ್ತವನಿಗೆ ದಾರಿ ಬಿಡಿಸುವುದು ಅಲ್ಲಿ ಅವರ ನಿತ್ಯದ ಕೆಲಸ. ಆ ಕೆಲಸ ಬಲ್ಲವನನ್ನು ರನ್ ಆಟಗಳಲ್ಲೂ ಹೊರಗೆ ಕರೆಯಬೇಕಾಗುವುದಿಲ್ಲ. ಕೂಪರ್ ಕಪ್ ಗಾಯಗೊಂಡು ಮೊದಲ 4 ಪಂದ್ಯ ತಪ್ಪಿಸಿಕೊಂಡಾಗ ತೆರೆದ ಬಾಗಿಲಲ್ಲಿ ನಕುವಾ ಒಳಗೆ ಬಂದ, ಕಪ್ ಮರಳಿದ ಮೇಲೂ ಒಳಗೇ ಉಳಿದ. ಅಂದಿನಿಂದ ನನ್ನ ಕೋಷ್ಟಕದಲ್ಲಿ ಬ್ಲಾಕ್‌ಗೆಂದೇ ಒಂದು ಅಂಕಣವಿದೆ. ನಾಲ್ಕು, ಐದನೆಯ ಸ್ಥಾನಕ್ಕೆ ಹೋರಾಡುವ ಕೆಳಸುತ್ತಿನ ಹುಡುಗರಿಗಾದರೆ ಇನ್ನೊಂದು ಅಂಕಣ ಸೇರಿಸುತ್ತೇನೆ: ಪಂಟ್ (ಕಾಲಿನಿಂದ ದೂರಕ್ಕೆ ಒದ್ದ ಚೆಂಡು) ಹಿಡಿದು ಓಡಬಲ್ಲನೇ, ಪಂಟ್ ಬೆನ್ನಟ್ಟಿ ಎದುರಾಳಿಯನ್ನು ಕೆಡವಬಲ್ಲನೇ? 53 ಜನರ ತಂಡದಲ್ಲಿ ಐದನೆಯ ರಿಸೀವರ್‌ನನ್ನು ಉಳಿಸುವುದು ಸಾಮಾನ್ಯವಾಗಿ ಅವನು ಹಿಡಿಯುವ ಪಾಸ್‌ಗಳಲ್ಲ.

ಜುಲೈ ಕೊನೆಯಲ್ಲಿ ಟ್ರೈನಿಂಗ್ ಕ್ಯಾಂಪ್ ಆರಂಭವಾದಾಗ ಬರುವ ಹೊಗಳಿಕೆಗಳಲ್ಲಿ ನಾನು ಹೆಕ್ಕುವುದು ಒಂದೇ ಮಾಹಿತಿ: ಆರಂಭಿಕ ಕ್ವಾರ್ಟರ್‌ಬ್ಯಾಕ್‌ನ ಜೊತೆ ಯಾರು ಆಡುತ್ತಿದ್ದಾರೆ. ಆಗಸ್ಟ್‌ನ ಪ್ರೀಸೀಸನ್ ಪಂದ್ಯಗಳಲ್ಲೂ ಅಷ್ಟೇ. ಆರಂಭಿಕರೊಂದಿಗೆ ಮೊದಲ ಸುತ್ತು ಆಡಿ ಒಂದೂ ಕ್ಯಾಚ್ ಇಲ್ಲದೆ ಹೊರಗೆ ಹೋದವನ ಸ್ಥಿತಿ, ನಾಲ್ಕನೆಯ ಕ್ವಾರ್ಟರ್‌ನಲ್ಲಿ ಬಂದು ಎರಡು ಟಚ್‌ಡೌನ್ ಹೊಡೆದವನ ಸ್ಥಿತಿಗಿಂತ ಭದ್ರವಾದದ್ದು. 2021ರ ಆಗಸ್ಟ್‌ನಲ್ಲಿ ಜಮಾರ್ ಚೇಸ್ ಮೇಲಿಂದ ಮೇಲೆ ಚೆಂಡು ಕೈಬಿಟ್ಟಾಗ ಎಷ್ಟೊಂದು ಆತಂಕ ಹುಟ್ಟಿತ್ತು! ಸಿನ್ಸಿನಾಟಿ ಮಾತ್ರ ಅವನನ್ನು ಆರಂಭಿಕರ ಸಾಲಿನಿಂದ ಕದಲಿಸಲಿಲ್ಲ. ಆ ವರ್ಷ ಅವನು 1,455 ಗಜ ಮತ್ತು 13 ಟಚ್‌ಡೌನ್ ಗಳಿಸಿದ.

ಪಂದ್ಯಗಳು ಆರಂಭವಾದ ಮೇಲೆ ಮೊದಲ ಮೂರು ವಾರ ನಾನು ಗಜಗಳ ಮೊತ್ತವನ್ನು ಪಕ್ಕಕ್ಕಿಟ್ಟು ಎರಡು ಪ್ರಮಾಣಗಳನ್ನು ನೋಡುತ್ತೇನೆ. ತಂಡ ಪಾಸ್ ಮಾಡಲು ಹೊರಟ ಆಟಗಳಲ್ಲಿ ಇವನು ಶೇಕಡಾ ಎಷ್ಟರಲ್ಲಿ ರೂಟ್ ಓಡಿದ, ಓಡಿದ ರೂಟ್‌ಗಳಲ್ಲಿ ಎಷ್ಟು ಸಲ ಚೆಂಡು ಇವನ ಕಡೆಗೆ ಬಂತು? ಮೊದಲನೆಯದು ಕೋಚ್‌ನ ನಂಬಿಕೆಯನ್ನು ಹೇಳುತ್ತದೆ, ಎರಡನೆಯದು ಕ್ವಾರ್ಟರ್‌ಬ್ಯಾಕ್‌ನ ನಂಬಿಕೆಯನ್ನು. ಮೊದಲನೆಯದು ಶೇ 80 ದಾಟಿದರೆ ಅವನು ಪೂರ್ಣಾವಧಿಯ ಆಟಗಾರ ಎಂದೂ, ಎರಡನೆಯದು ಶೇ 20 ದಾಟಿದರೆ ಅವನನ್ನು ಉದ್ದೇಶಪಟ್ಟೇ ಹುಡುಕುತ್ತಿದ್ದಾರೆ ಎಂದೂ ಲೆಕ್ಕ ಹಿಡಿಯುತ್ತೇನೆ. ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು ಇರುವ ಹೊಸಬನ ಮೇಲೆ ನನಗೆ ವಿಶೇಷ ಕಣ್ಣು. ಬೆಂಚಿನಿಂದ ಮೇಲೆ ಬರುವವರು ಅಂಥವರೇ. ಜೆಫರ್ಸನ್ ಕೂಡ ಮೊದಲ 2 ಪಂದ್ಯಗಳಲ್ಲಿ ಆರಂಭಿಕನಾಗಿರಲಿಲ್ಲ, ಮೂರನೆಯದರಲ್ಲಿ ಟೆನೆಸೀ ವಿರುದ್ಧ 175 ಗಜ ಗಳಿಸಿದ.

2024ರ ಕೊನೆಗೆ ಮೆಕಾಂಕಿ 82 ಕ್ಯಾಚ್, 1,149 ಗಜ, 7 ಟಚ್‌ಡೌನ್ ಗಳಿಸಿ, ಚಾರ್ಜರ್ಸ್ ಪರ ಹೊಸಬನಾಗಿ ಅಲೆನ್ 2013ರಲ್ಲಿ ಗಳಿಸಿದ್ದ 1,046 ಗಜವನ್ನೂ ದಾಟಿದ. ಜನವರಿಯಲ್ಲಿ ಹ್ಯೂಸ್ಟನ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ತಂಡ 32–12ರಿಂದ ಸೋತರೂ, ಹರ್ಬರ್ಟ್‌ನಿಂದ ಚೆಂಡು ನಂಬಿಕೆಯಿಂದ ತಲುಪುತ್ತಿದ್ದದ್ದು ಇವನೊಬ್ಬನಿಗೇ: 9 ಕ್ಯಾಚ್, 197 ಗಜ. ಒಡುಂಜೆ 54 ಕ್ಯಾಚ್‌ಗಳಲ್ಲಿ 734 ಗಜ ಗಳಿಸಿದ. ಕ್ವಾರ್ಟರ್‌ಬ್ಯಾಕ್ 68 ಸಲ ಸ್ಯಾಕ್ ಆದ (ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದರು), ಋತುವಿನ ನಡುವೆಯೇ ಆಫೆನ್ಸ್ ಕೋಚ್ ಮತ್ತು ಮುಖ್ಯ ಕೋಚ್ ಇಬ್ಬರೂ ಹೊರಹೋದ ತಂಡದಲ್ಲಿ ಬಂದ ಅಂಕಿಗಳಿವು. ಇದನ್ನು ನೋಡಿ ಒಡುಂಜೆಯನ್ನು ಮಾರಲು ಹೊರಟವರಿಂದ ಅವನನ್ನು ಕೊಳ್ಳುವುದು ಸರಿ ಎಂದೇ ನಾನು ವಾದಿಸಿದೆ. ವಿಡಿಯೋದಲ್ಲಿ ಅವನು ಬಿಡುವಾಗಿದ್ದ, ಚೆಂಡು ಬರುತ್ತಿರಲಿಲ್ಲ. ಮರುವರ್ಷ ಅಲೆನ್ ಹೊರಟ, ಬೆನ್ ಜಾನ್ಸನ್ ಕೋಚ್ ಆಗಿ ಬಂದರು, ಒಡುಂಜೆ ಮೊದಲ 4 ಪಂದ್ಯಗಳಲ್ಲೇ 5 ಟಚ್‌ಡೌನ್ ಹಿಡಿದ.

2025ರಲ್ಲಿ ನಾನು ಹೆಚ್ಚು ಹೊತ್ತು ಕೂತದ್ದು ಟ್ರೆ ಹ್ಯಾರಿಸ್‌ನ ವಿಡಿಯೋದ ಮುಂದೆ. ಓಲ್ ಮಿಸ್‌ನಲ್ಲಿ (ಮಿಸಿಸಿಪಿ ವಿಶ್ವವಿದ್ಯಾಲಯ) ಗಾಯದ ನಡುವೆಯೂ ಕೊನೆಯ ವರ್ಷ 1,030 ಗಜ ಗಳಿಸಿದ್ದ ಹ್ಯಾರಿಸ್‌ನನ್ನು ಚಾರ್ಜರ್ಸ್ ಎರಡನೆಯ ಸುತ್ತಿನಲ್ಲಿ, 55ನೆಯವನಾಗಿ ಆರಿಸಿತು. ಒಳಗೆ ಮೆಕಾಂಕಿ ಇದ್ದ. ಹೊರಗೆ ಪಾಮರ್ ಬಿಟ್ಟುಹೋಗಿದ್ದ, ಮರಳಿ ಬಂದಿದ್ದ ಮೈಕ್ ವಿಲಿಯಮ್ಸ್ ಜುಲೈನಲ್ಲಿ ನಿವೃತ್ತಿ ಹೇಳಿದ. ಅಲ್ಲಿಗೆ ಹ್ಯಾರಿಸ್‌ಗೆ ಮೂರನೆಯ ರಿಸೀವರ್‌ನ ಜಾಗ, ಮೂರನೆಯ ತಿಂಗಳ ಹೊತ್ತಿಗೆ ಎರಡನೆಯದು ಎಂದು ಬರೆದಿದ್ದೆ. ಆಗಸ್ಟ್‌ನಲ್ಲಿ 33 ವರ್ಷದ ಅಲೆನ್ ಒಂದು ವರ್ಷದ ಒಪ್ಪಂದಕ್ಕೆ ಚಾರ್ಜರ್ಸ್‌ಗೇ ಮರಳಿದ. ಹ್ಯಾರಿಸ್‌ನ ಆಟದಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ, ಆದರೆ ಅಂದು ಸಂಜೆಯೇ ಅವನ ಸಾಲಿನಲ್ಲಿ ‘ನಾಲ್ಕನೆಯವನು, ರನ್ ಆಟಗಳಲ್ಲಿ ಬ್ಲಾಕ್ ಮಾಡಲು ಕರೆಸಿಕೊಳ್ಳುತ್ತಾರೆ’ ಎಂದು ತಿದ್ದಿದೆ. ಪಕ್ಕದ ಅಂಕಣದಲ್ಲಿ 2026ಕ್ಕೆ ಬರೆದದ್ದನ್ನು ಮುಟ್ಟಲಿಲ್ಲ: ಅಲೆನ್‌ನ ಒಪ್ಪಂದ ಮುಗಿಯುತ್ತದೆ, ಹ್ಯಾರಿಸ್‌ನನ್ನು ಯಾರಿಗೂ ಬಿಟ್ಟುಕೊಡಬಾರದು.