ಕಪ್ಪು ಅಂಗಿಯ ಬಿಳಿ ಕಲೆ ಹೋಗಿದ್ದು ಹೀಗೆ

ಕಲಬುರಗಿಯ ನಮ್ಮ ಮನೆಗೆ ಬೋರ್‌ವೆಲ್ ನೀರು, ಭಾಳ ಗಡಸು. ಕಪ್ಪು ಅಂಗಿ ಒಣಗಿದರೆ ಸುಣ್ಣ ಸವರಿದ ಹಾಗೆ ಬಿಳಿ ಪಟ್ಟೆ. ಟವೆಲ್ ಅಂತೂ ಹಪ್ಪಳ. ಕೊಳೆ ಹೋಗಿಲ್ಲ ಅಂದುಕೊಂಡು ಸಾಬೂನು ಜಾಸ್ತಿ ಹಾಕಿದೆ. ಕಲೆಯೂ ಜಾಸ್ತಿಯಾಯಿತು! ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ, ಕರಗದ ಜಿಡ್ಡಾಗಿ ಬಟ್ಟೆಗೆ ಅಂಟುತ್ತವೆ. ಇದು ತಿಳಿದ ಮೇಲೆ ಸಾಬೂನು ಬಿಟ್ಟು ಲಿಕ್ವಿಡ್ ಡಿಟರ್ಜೆಂಟ್ ಹಿಡಿದೆ. ಹಳೇ ಕಲೆಗೆ ಅರ್ಧ ಬಕೆಟ್ ನೀರಲ್ಲಿ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ, 30 ನಿಮಿಷ ನೆನೆಸಿ, ಎರಡು ಸಲ ಜಾಲಿಸಿದೆ. ಹೋಯಿತು. ಬ್ಲೀಚ್ ಜೊತೆ ಮಾತ್ರ ವಿನೆಗರ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಹುಳಿ ವಾಸನೆ ಉಳಿಯುತ್ತದೆ ಅಂತ ಅವ್ವ ಗೊಣಗಿದಳು. ನಮ್ಮ ಬೇಸಿಗೆ ಗಾಳಿಗೆ ಅದೆಲ್ಲಿ ಉಳಿಯಬೇಕು? ಅಂಗಿ ತಿರುವಿ ಹಾಕಿ ನೆರಳಲ್ಲೇ ಹರವಿದ್ದೆ. ಇಲ್ಲಿಯ ಮೇ ಬಿಸಿಲು ಬಟ್ಟೆಯ ಬಣ್ಣವನ್ನೂ ಬಿಡುವುದಿಲ್ಲ.