ಕಚ್ಚಾತೈಲ ಇಳಿದರೂ ಪೆಟ್ರೋಲ್ ಯಾಕಿಳಿಯಲಿಲ್ಲ? ರಾಜಕೀಯ ವಾದವನ್ನು ಲೆಕ್ಕಕ್ಕೆ ಹಚ್ಚುವ ಬಗೆ

ಇಂಧನದ ಬೆಲೆ ಏರಿದಾಗ ವಿರೋಧ ಪಕ್ಷ ತೆರಿಗೆಯತ್ತ ಬೆರಳು ತೋರಿಸುತ್ತದೆ, ಆಳುವ ಪಕ್ಷ ತೈಲ ಮಾರುವ ದೇಶಗಳತ್ತ. ಚುನಾವಣೆಯಲ್ಲಿ ಜಾಗ ಬದಲಾದರೆ ಬೆರಳುಗಳೂ ಅದಲುಬದಲಾಗುತ್ತವೆ. ಇಬ್ಬರೂ ಹೇಳುವ ಅಂಕಿಗಳು ಬಹುಪಾಲು ಸುಳ್ಳಲ್ಲ. ಹೋಲಿಸಬಾರದ ಎರಡನ್ನು ಪಕ್ಕಪಕ್ಕ ಇಟ್ಟಿರುತ್ತಾರೆ, ಎಡವಟ್ಟು ಇರುವುದು ಅಲ್ಲಿ. ಅದನ್ನು ಹಿಡಿಯಲು ಒಂದು ಕ್ಯಾಲ್ಕುಲೇಟರ್, ಎರಡು ದಿನಾಂಕ, ನಾಲ್ಕು ಅಂಕಿ ಸಾಕು: ಕಚ್ಚಾತೈಲದ ಬೆಲೆ, ಸಂಸ್ಕರಿಸಿದ ಪೆಟ್ರೋಲಿನ ಸಗಟು ಬೆಲೆ, ತೆರಿಗೆ, ಪಂಪಿನ ಬೆಲೆ.

ಮೊದಲು ಬ್ಯಾರೆಲ್ಲನ್ನು ಲೀಟರಿಗೆ ಇಳಿಸಿ

ಕಚ್ಚಾತೈಲದ ಬೆಲೆ ಬ್ಯಾರೆಲ್ಲಿಗೆ ಇಷ್ಟು ಡಾಲರ್ ಎಂದಿರುತ್ತದೆ, ಪಂಪಿನಲ್ಲಿ ಲೀಟರಿಗೋ ಗ್ಯಾಲನ್ನಿಗೋ ಇರುತ್ತದೆ. ಒಂದು ಬ್ಯಾರೆಲ್ ಅಂದರೆ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ಬ್ಯಾರೆಲ್ಲಿಗೆ 1 ಡಾಲರ್ ಹೆಚ್ಚಾದರೆ ಲೀಟರಿಗೆ 0.63 ಸೆಂಟ್, ಗ್ಯಾಲನ್ನಿಗೆ 2.4 ಸೆಂಟ್ ಹೆಚ್ಚು. ಇದೊಂದನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಭಾಷಣಗಳ ಗಾಳಿ ಇಳಿಯುತ್ತದೆ. (ಗ್ಯಾಲನ್ ಎಂದಾಗ ಯಾವುದು ಎಂದು ಕೇಳಿ. ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದು 4.546.)

ಈಗ ಒಂದು ಸಾಮಾನ್ಯ ಆರೋಪ ತೆಗೆದುಕೊಳ್ಳಿ: ‘ಕಚ್ಚಾತೈಲ 100 ಡಾಲರಿನಿಂದ 70ಕ್ಕೆ ಬಿತ್ತು, ಶೇ 30 ಇಳಿಕೆ. ಪೆಟ್ರೋಲ್ ಯಾಕೆ ಶೇ 30 ಇಳಿದಿಲ್ಲ?’ ಲೆಕ್ಕಕ್ಕೆಂದು ಪಂಪಿನ ಬೆಲೆ ಲೀಟರಿಗೆ 180 ಸೆಂಟ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಕಚ್ಚಾತೈಲದ ಪಾಲು 63 ಸೆಂಟ್, ತೆರಿಗೆ 80, ಉಳಿದ 37 ಸಂಸ್ಕರಣೆ, ಸಾಗಾಟ, ಮಾರಾಟಗಾರನ ಲಾಭ. 30 ಡಾಲರ್ ಇಳಿಕೆ ಅಂದರೆ 30 × 0.63, ಸುಮಾರು 19 ಸೆಂಟ್. ಪಂಪಿನಲ್ಲಿ ಕಾಣಬೇಕಾದ ಇಳಿಕೆ ಶೇ 10ರ ಆಸುಪಾಸು. ಶೇ 30 ಎಂದವನ ಲೆಕ್ಕ ತಪ್ಪು. ಆದರೆ ಎರಡು ತಿಂಗಳಾದರೂ ಇಳಿದದ್ದು 5 ಸೆಂಟ್ ಮಾತ್ರ ಎಂದಾದರೆ ಅವನ ಸಿಟ್ಟಿಗೆ ಆಧಾರವಿದೆ: ಉಳಿದ 14 ಸೆಂಟ್ ಯಾರ ಜೇಬಿಗೆ ಹೋಯಿತು ಎಂಬುದೇ ಆಗ ಕೇಳಬೇಕಾದ ಪ್ರಶ್ನೆ.

ಸ್ಥಳೀಯ ಹಣದ ವಿನಿಮಯ ದರವನ್ನೂ ಗುಣಿಸಬೇಕು. ಕಚ್ಚಾತೈಲ ಶೇ 10 ಇಳಿದ ಹೊತ್ತಿಗೇ ಡಾಲರ್ ಶೇ 10 ದುಬಾರಿಯಾದರೆ 0.9 × 1.1 = 0.99. ಇಳಿಕೆ ನುಂಗಿಹೋಯಿತು.

ತೆರಿಗೆಯಲ್ಲಿ ಎರಡು ಜಾತಿ

ಹೆಚ್ಚು ಜನ ಎಡವುವುದು ಇಲ್ಲಿ. ಒಂದು ಬಗೆಯ ತೆರಿಗೆ ಲೀಟರಿಗೆ ಇಷ್ಟು ಎಂದು ನಿಗದಿ. ಕಚ್ಚಾತೈಲ ಏರಲಿ ಇಳಿಯಲಿ, ಅದು ಅಲ್ಲಾಡುವುದಿಲ್ಲ. ಇನ್ನೊಂದು ಬೆಲೆಯ ಮೇಲೆ ಶೇಕಡಾವಾರು. ಬೆಲೆ ಏರಿದಂತೆ ಸರ್ಕಾರ ಏನೂ ಮಾಡದೆಯೇ ಅದರ ಆದಾಯ ಏರುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಪೆಟ್ರೋಲ್ ತೆರಿಗೆ ಮೊದಲ ಜಾತಿಯದು: 1993ರಿಂದ ಗ್ಯಾಲನ್ನಿಗೆ 18.4 ಸೆಂಟ್. ಬ್ರಿಟನ್ನಿನಲ್ಲಿ ಎರಡೂ ಇವೆ. 2022ರ ಮಾರ್ಚ್‌ನಲ್ಲಿ ಲೀಟರಿಗೆ 57.95 ಪೆನ್ಸ್ ಇದ್ದ ಸುಂಕವನ್ನು 52.95ಕ್ಕೆ ಇಳಿಸಲಾಯಿತು. ಆದರೆ ಶೇ 20ರ ವ್ಯಾಟ್ ಬೀಳುವುದು ಆ ಸುಂಕವೂ ಸೇರಿದ ಮೊತ್ತದ ಮೇಲೆ. 52.95ಕ್ಕೆ ಶೇ 20 ಅಂದರೆ 10.59 ಪೆನ್ಸ್. ತೆರಿಗೆಯ ಮೇಲಿನ ತೆರಿಗೆ! ಹಾಗಾಗಿ ಸುಂಕವನ್ನು 5 ಪೆನ್ಸ್ ಕಡಿತ ಮಾಡಿದರೆ ಗ್ರಾಹಕನಿಗೆ ಸಿಗಬೇಕಾದದ್ದು 6.

‘ಬೆಲೆಯಲ್ಲಿ ಇಷ್ಟು ಭಾಗ ತೆರಿಗೆ’ ಎಂಬ ಮಾತು ಕೇಳಿದಾಗ ಇನ್ನೂ ಹುಷಾರಾಗಿರಿ. ಮೇಲಿನ ಉದಾಹರಣೆಯಲ್ಲಿ ತೆರಿಗೆ 180ರಲ್ಲಿ 80, ಶೇ 44. ಕಚ್ಚಾತೈಲ ಇಳಿದು ಪಂಪಿನ ಬೆಲೆ 161 ಆದಾಗ ಅದೇ 80 ಸೆಂಟ್ ಶೇ 50ಕ್ಕೆ ಬಂದಿತು. ಸರ್ಕಾರ ಒಂದು ಸೆಂಟೂ ಏರಿಸಿಲ್ಲ. ಆದರೂ ‘ತೆರಿಗೆಯ ಪಾಲು ಶೇ 44ರಿಂದ ಶೇ 50ಕ್ಕೆ ಜಿಗಿಯಿತು’ ಎಂಬ ಭಾಷಣ ಅಕ್ಷರಶಃ ನಿಜ. ತಿರುಗಿಸಿ ನೋಡಿದರೆ, ಬೆಲೆ ಗಗನಕ್ಕೇರಿದ ತಿಂಗಳನ್ನೇ ಆರಿಸಿ ‘ನಮ್ಮಲ್ಲಿ ತೆರಿಗೆಯ ಪಾಲು ಕಡಿಮೆಯಾಗಿದೆ’ ಎಂದು ಬೀಗುವ ಮಂತ್ರಿಯ ಕೈಚಳಕವೂ ಇದೇ. ಶೇಕಡಾ ಬಿಟ್ಟು ಲೀಟರಿಗೆ ಎಷ್ಟು ಎಂದು ಕೇಳಿ.

ಸಂಸ್ಕರಣಾಗಾರವನ್ನು ಮರೆಯಬೇಡಿ

ವಾಹನಕ್ಕೆ ಯಾರೂ ಕಚ್ಚಾತೈಲ ತುಂಬಿಸುವುದಿಲ್ಲ. ಸಂಸ್ಕರಿಸಿದ ಪೆಟ್ರೋಲಿನ ಸಗಟು ಬೆಲೆ ಗ್ಯಾಲನ್ನಿನಲ್ಲಿದ್ದರೆ 42ರಿಂದ ಗುಣಿಸಿ, ಅದರಿಂದ ಕಚ್ಚಾತೈಲದ ಬ್ಯಾರೆಲ್ ಬೆಲೆ ಕಳೆಯಿರಿ. ಸಿಗುವುದೇ ಸಂಸ್ಕರಣೆಯ ಒಟ್ಟು ಅಂತರ. ವ್ಯಾಪಾರಿಗಳ ಭಾಷೆಯಲ್ಲಿ ಕ್ರ್ಯಾಕ್ ಸ್ಪ್ರೆಡ್. ಮೂರು ಬ್ಯಾರೆಲ್ ಕಚ್ಚಾತೈಲದಿಂದ ಎರಡು ಪೆಟ್ರೋಲ್, ಒಂದು ಡೀಸೆಲ್ ಎಂದು ಹಿಡಿದು 3-2-1 ಲೆಕ್ಕ ಹಾಕುವ ರೂಢಿಯೂ ಇದೆ. ಈ ಅಂತರ ಹಿಗ್ಗಿದ್ದರೆ ತೈಲಬಾವಿಯನ್ನು ಬೈದು ಪ್ರಯೋಜನವಿಲ್ಲ.

2022ರ ಜೂನ್ ಇದಕ್ಕೆ ಒಳ್ಳೆಯ ಪಾಠ. ಅಮೆರಿಕದ ಸರಾಸರಿ ಪೆಟ್ರೋಲ್ ಬೆಲೆ ಮೊದಲ ಬಾರಿಗೆ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಆಗ ಕಚ್ಚಾತೈಲ 120 ಡಾಲರಿನ ಆಸುಪಾಸಿನಲ್ಲಿತ್ತು. 2008ರ ಜುಲೈನಲ್ಲಿ ಕಚ್ಚಾತೈಲ 147ಕ್ಕೆ ಹೋಗಿದ್ದಾಗ ಪೆಟ್ರೋಲ್ 4.11 ಡಾಲರ್ ಅಷ್ಟೇ. ‘ಅಂದು ಕಚ್ಚಾತೈಲ ಹೆಚ್ಚು, ಪೆಟ್ರೋಲ್ ಕಡಿಮೆ. ಇಂದು ಉಲ್ಟಾ. ಇದು ಲೂಟಿ’ ಎಂಬ ವಾದ ಹುಟ್ಟಿದ್ದು ಹೀಗೆ. ಅದರಲ್ಲಿ ಅರ್ಧ ಸತ್ಯವಿದೆ: ಕೋವಿಡ್ ಕಾಲದಲ್ಲಿ ಕೆಲವು ಸಂಸ್ಕರಣಾಗಾರಗಳು ಮುಚ್ಚಿದ್ದವು, ಯುಕ್ರೇನ್ ಯುದ್ಧದಿಂದ ರಷ್ಯಾದ ಡೀಸೆಲ್ ಪೂರೈಕೆ ಅಸ್ತವ್ಯಸ್ತವಾಗಿತ್ತು, ಸಂಸ್ಕರಣೆಯ ಅಂತರ ದಾಖಲೆ ಮುಟ್ಟಿತ್ತು. ಉಳಿದರ್ಧ ಹಣದುಬ್ಬರ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಆ 14 ವರ್ಷಗಳಲ್ಲಿ ಸುಮಾರು ಶೇ 35 ಏರಿತ್ತು, 4.11ನ್ನು 1.35ರಿಂದ ಗುಣಿಸಿದರೆ 5.5 ಡಾಲರ್. ಅಂದರೆ ‘ಚರಿತ್ರೆಯಲ್ಲೇ ಅತ್ಯಂತ ದುಬಾರಿ’ ಎಂದು ಹೆಡ್‌ಲೈನ್ ಆದ ಬೆಲೆ, ಹಣದ ನಿಜವಾದ ಕೊಳ್ಳುವ ಶಕ್ತಿಯಲ್ಲಿ 2008ಕ್ಕಿಂತ ಅಗ್ಗವೇ ಇತ್ತು. ಐದು ವರ್ಷಕ್ಕಿಂತ ಹಿಂದಿನ ಬೆಲೆಯ ಜೊತೆ ಹೋಲಿಸುವ ಯಾವ ಚಾರ್ಟನ್ನೂ ಹಣದುಬ್ಬರ ತೆಗೆಯದೆ ಒಪ್ಪಬೇಡಿ.

ದಿನಾಂಕದ ಆಟ

ಹೋಲಿಕೆ ಎಲ್ಲಿಂದ ಶುರುವಾಗಿದೆ ನೋಡಿ. 2020ರ ಏಪ್ರಿಲ್‌ನಿಂದ ಶುರು ಮಾಡಿದರೆ ಯಾವ ಸರ್ಕಾರವೂ ಖಳನಾಯಕ. ಆ ತಿಂಗಳ 20ರಂದು ಅಮೆರಿಕದ ಕಚ್ಚಾತೈಲದ ಅಳತೆಗೋಲಾದ ಡಬ್ಲ್ಯುಟಿಐ ತೈಲದ ಮೇ ತಿಂಗಳ ವಾಯಿದೆ ಬೆಲೆ (ಮೇ ತಿಂಗಳಲ್ಲಿ ಮಾಲು ಒಪ್ಪಿಸುವ ಒಪ್ಪಂದದ ಬೆಲೆ) ಮೈನಸ್ 37.63 ಡಾಲರಿಗೆ ಮುಗಿದಿತ್ತು, ಅಂದರೆ ಮಾರುವವನೇ ಕೈಯಿಂದ ಹಣ ಕೊಡಬೇಕಿತ್ತು. ಆ ಮಾಲು ಒಪ್ಪಿಸುವ ಜಾಗವಾದ ಒಕ್ಲಹೋಮಾದ ಕುಶಿಂಗ್‌ನಲ್ಲಿ ತೈಲ ತುಂಬಿಡಲು ಜಾಗವೇ ಸಾಲದಾಗಿತ್ತು. ಅದು ಒಂದು ಜಾಗದ, ಒಂದು ವಾಯಿದೆಯ ಬೆಲೆ. ಇನ್ನೊಂದು ಅಳತೆಗೋಲಾದ ಉತ್ತರ ಸಮುದ್ರದ ಬ್ರೆಂಟ್ ತೈಲದ ಬೆಲೆ ಅಂದೂ ಸೊನ್ನೆಗಿಂತ ಮೇಲೆಯೇ ಇತ್ತು. ಆಯಾ ದೇಶ ಕೊಳ್ಳುವ ತೈಲಕ್ಕೆ ಯಾವ ದರ ಅಳತೆಗೋಲೋ ಅದನ್ನೇ ಹಿಡಿಯಬೇಕು. ಒಂದು ದಿನದ ಬೆಲೆ ಬಿಟ್ಟು ನಾಲ್ಕು ವಾರಗಳ ಸರಾಸರಿ ತೆಗೆದುಕೊಳ್ಳಿ.

ಪಂಪು ತಡವಾಗಿ ಸ್ಪಂದಿಸುತ್ತದೆ, ಅದೂ ಪಕ್ಷಪಾತದಿಂದ: ಏರುವಾಗ ರಾಕೆಟ್, ಇಳಿಯುವಾಗ ಹಕ್ಕಿಗರಿ. ಹಲವು ದೇಶಗಳಲ್ಲಿ ಅಧ್ಯಯನ ಮಾಡಿದವರು ಇದನ್ನು ಕಂಡಿದ್ದಾರೆ. ಆದ್ದರಿಂದ ಇಳಿಕೆಯಾದ ಮರುವಾರವೇ ತೀರ್ಪು ಕೊಡಬೇಡಿ. ಆರರಿಂದ ಎಂಟು ವಾರ ಬಿಟ್ಟು ಅಳೆಯಿರಿ. ಅಮೆರಿಕದ ಇಂಧನ ಮಾಹಿತಿ ಆಡಳಿತ ಮತ್ತು ಯುರೋಪಿಯನ್ ಕಮಿಷನ್ ಎರಡೂ ಪ್ರತಿ ವಾರ ಪಂಪಿನ ಬೆಲೆ ಪ್ರಕಟಿಸುತ್ತವೆ. ಯುರೋಪಿನ ಪಟ್ಟಿಯಲ್ಲಿ ತೆರಿಗೆ ಸೇರಿದ್ದು, ಸೇರದ್ದು ಬೇರೆಬೇರೆ ಇರುವುದರಿಂದ ಕೆಲಸ ಸಲೀಸು.

ಭರವಸೆಗಳನ್ನು ಅಳೆಯುವುದು

ತೆರಿಗೆ ಕಡಿತದ ಪರಿಣಾಮ ತಿಳಿಯಲು ಒಂದೇ ದೇಶದ ‘ಹಿಂದೆ-ಮುಂದೆ’ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಅದೇ ವಾರ ಕಚ್ಚಾತೈಲವೂ ಅಲುಗಿರುತ್ತದೆ. ಕಡಿತ ಮಾಡದ ಪಕ್ಕದ ದೇಶದಲ್ಲಿ ಬೆಲೆ ಎಷ್ಟು ಬದಲಾಯಿತು ಎಂದು ಕಳೆದು ನೋಡಬೇಕು. ಜರ್ಮನಿ 2022ರ ಜೂನ್ 1ರಿಂದ ಆಗಸ್ಟ್ 31ರವರೆಗೆ ಇಂಧನ ತೆರಿಗೆಯನ್ನು ಪೆಟ್ರೋಲಿಗೆ ಲೀಟರಿಗೆ ಸುಮಾರು 30 ಸೆಂಟ್, ಡೀಸೆಲ್ಲಿಗೆ 14 ಸೆಂಟ್ ಇಳಿಸಿತ್ತು. ಅಲ್ಲಿ ತೆರಿಗೆ ಬೀಳುವುದು ಪಂಪಿನಲ್ಲಲ್ಲ, ಇಂಧನ ಡಿಪೋ ಬಿಟ್ಟು ಹೊರಡುವಾಗ. ಹಾಗಾಗಿ ಜೂನ್ 1ರಂದು ಬಂಕಿನ ತೊಟ್ಟಿಯಲ್ಲಿದ್ದದ್ದು ಹಳೆಯ ತೆರಿಗೆ ಕಟ್ಟಿದ ಮಾಲು. ಮೊದಲ ದಿನಗಳ ಬೆಲೆ ನೋಡಿ ‘ಕಂಪನಿಗಳು ನುಂಗಿದವು’ ಎನ್ನುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಡಿತದ ಲಾಭ ಹೆಚ್ಚು ಸಿಗುವುದು ಹೆಚ್ಚು ಇಂಧನ ಸುಡುವವರಿಗೆ: ತಿಂಗಳಿಗೆ 30 ಲೀಟರ್ ಹಾಕಿಸುವವನಿಗೆ 9 ಯೂರೊ, 150 ಲೀಟರ್ ಸುಡುವ ದೊಡ್ಡ ಗಾಡಿಯವನಿಗೆ 45.

ಕಾರ್ಬನ್ ತೆರಿಗೆಯ ಲೆಕ್ಕ ಚಿಕ್ಕದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್, ಡೀಸೆಲ್ಲಾದರೆ 2.7. ಟನ್ನಿಗೆ 50 ಡಾಲರ್ ತೆರಿಗೆ ಎಂದರೆ ಪೆಟ್ರೋಲ್ ಲೀಟರಿಗೆ 11.5 ಸೆಂಟ್. ಯಾರಾದರೂ 40 ಎಂದರೆ ಲೆಕ್ಕ ಕೇಳಿ. ಹಣ ಮನೆಗೆ ಮರಳುತ್ತದೆಯೇ ಎಂಬುದನ್ನೂ ಕೇಳಿ. ಕೆನಡಾದ ಕಾರ್ಬನ್ ತೆರಿಗೆಯ ವಾದದಲ್ಲಿ ಒಂದು ಕಡೆಯವರು ಪಂಪಿನಲ್ಲಿ ಕೊಡುವುದನ್ನು, ಇನ್ನೊಂದು ಕಡೆಯವರು ಖಾತೆಗೆ ಬರುವ ರಿಬೇಟನ್ನು ಮುಂದೆ ಮಾಡುತ್ತಿದ್ದರು. ಕೊನೆಗೆ 2025ರ ಏಪ್ರಿಲ್ 1ರಿಂದ ಗ್ರಾಹಕರ ಮೇಲಿನ ಆ ತೆರಿಗೆಯೇ ನಿಂತಿತು. ತೈಲ ಕಂಪನಿಗಳ ಅನಿರೀಕ್ಷಿತ ಲಾಭದ ಮೇಲಿನ ತೆರಿಗೆಯಂತೂ ಖಜಾನೆ ತುಂಬುತ್ತದೆ, ಪಂಪಿನ ಬೆಲೆಯನ್ನು ತಾನಾಗಿ ಇಳಿಸುವುದಿಲ್ಲ.

ಪೂರೈಕೆ ಹೆಚ್ಚಿಸುವ ಮಾತಿಗೆ ಎರಡು ಪ್ರಶ್ನೆ: ದಿನಕ್ಕೆ ಎಷ್ಟು ಬ್ಯಾರೆಲ್, ಯಾವಾಗಿನಿಂದ? 2022ರಲ್ಲಿ ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಬಳಸುತ್ತಿತ್ತು. ಆ ವರ್ಷ ಅಮೆರಿಕ ತನ್ನ ತುರ್ತು ಮೀಸಲಿನಿಂದ ಬಿಡುವುದಾಗಿ ಹೇಳಿದ್ದು ಆರು ತಿಂಗಳು ದಿನಕ್ಕೆ 10 ಲಕ್ಷ ಬ್ಯಾರೆಲ್, ಅಂದರೆ ಶೇ 1. 2021ರ ಜನವರಿ 20ರಂದು ಅನುಮತಿ ರದ್ದಾದ, ಕೆನಡಾದಿಂದ ಅಮೆರಿಕಕ್ಕೆ ತೈಲ ತರಬೇಕಿದ್ದ ಕೀಸ್ಟೋನ್ ಎಕ್ಸ್‌ಎಲ್ ಕೊಳವೆಮಾರ್ಗದ ಸಾಮರ್ಥ್ಯ ದಿನಕ್ಕೆ 8.3 ಲಕ್ಷ ಬ್ಯಾರೆಲ್, ಇನ್ನೂ ಕಡಿಮೆ. ರದ್ದಾದ ದಿನ ಅದರ ಬಹುಭಾಗ ಕಟ್ಟಿಯೇ ಇರಲಿಲ್ಲ. ಒಂದು ಹನಿ ತೈಲವೂ ಹರಿದಿರಲಿಲ್ಲ. ಆಮೇಲಿನ ಬೆಲೆ ಏರಿಕೆಗೆ ಅದನ್ನು ಕಾರಣ ಮಾಡುವವರ ಎದುರು ಈ ದಿನಾಂಕವನ್ನು ಇಟ್ಟರೆ ಸಾಕು.